ಎರಡೇ ಫೋನಿನಲ್ಲಿದ್ದ ಫೋಟೋ

ಟಿವಿಯವರ ಗಾಡಿ ಮೊದಲ ಸಲ ನಮ್ಮ ಓಣಿಗೆ ಬಂದಾಗ ನನಗೆ ಸಂಶಯ ಬಂದದ್ದು ಅವರ ಕ್ಯಾಮೆರಾದ ಮೇಲಲ್ಲ, ಬೂಟಿನ ಮೇಲೆ. ಗೋವಾದ ಸಡಾ ಗುಡ್ಡದ ಇಳಿಜಾರಿನಲ್ಲಿರುವ ನಮ್ಮ ಮನೆಗಳಿಗೆ ಬರಬೇಕಾದರೆ ಬಂದರಿನ ಕಡೆಯಿಂದ ಹಾರಿ ಬರುವ ಕಲ್ಲಿದ್ದಲ ಪುಡಿ ತುಳಿದುಕೊಂಡೇ ಬರಬೇಕು. ಮೈಕು ಹಿಡಿದು ಬಂದ ಹುಡುಗಿಯ ಬೂಟು ಮಾತ್ರ ಬೆಳ್ಳಗೆ ಹೊಳೆಯುತ್ತಿತ್ತು. ಗಾಡಿಯಿಂದ ಇಳಿದವಳು ಮೆಟ್ಟಿಲು ಹತ್ತುವ ಗೋಜಿಗೇ ಹೋಗಲಿಲ್ಲ. ಕೆಳಗೇ ನಿಂತು, ಮೇಲಿನ ಒಂದು ಮನೆಯ ಕಡೆ ಕೈ ಮಾಡಿ, "ಇದೇ ಆ ಮನೆ" ಎಂದು ಹಿಂದಿಯಲ್ಲಿ ಹೇಳಿ ಹೊರಟುಹೋದಳು. ಆಕೆ ಕೈ ಮಾಡಿದ್ದು ನಮ್ಮ ಮನೆಗೆ. ಮಗನನ್ನು ಕಳಕೊಂಡವರು ಪಕ್ಕದ ಮನೆಯವರು.

ನಾನು ಮೊದಲಿನಿಂದಲೂ ಸಂಶಯದ ಹೆಂಗಸೇ. "ಹಾಲಿನಂವ ನಕ್ಕರ ಸೈತ ಎಷ್ಟು ನೀರು ಬೆರಿಸ್ಯಾನ ಅಂತ ನೋಡ್ತಿ ನೀ" ಎಂದು ನನ್ನ ಗಂಡ ಕಾಡಿಸುತ್ತಾರೆ. ಅವರು ಲಾರಿ ಓಡಿಸುತ್ತಾರೆ, ನಾನು ಇಲ್ಲಿನ ಒಂದು ಕನ್ನಡ ಶಾಲೆಯಲ್ಲಿ ಪಾಠ ಹೇಳುತ್ತೇನೆ. ನಾವು ವಿಜಯಪುರದ ಕಡೆಯ ಮುಸಲ್ಮಾನರು. ಪಕ್ಕದ ಮನೆಯವರು ನಮ್ಮದೇ ಊರಿನ ಹಿಂದೂಗಳು. ಗಂಡ ಬಂದರಿನಲ್ಲಿ ಲೋಡಿಂಗ್ ಕೆಲಸಕ್ಕೆ ಹೋಗುತ್ತಿದ್ದ, ಹೆಂಡತಿ ನಾಲ್ಕಾರು ಮನೆಗಳಲ್ಲಿ ಪಾತ್ರೆ ತಿಕ್ಕುತ್ತಿದ್ದಳು. ಅವರಿಗೆ ಒಬ್ಬನೇ ಮಗ, ಹದಿನಾರರವನು. ಸಣ್ಣವನಿದ್ದಾಗ ನನ್ನ ಕೈಯಲ್ಲೇ ಅ ಆ ಇ ಈ ತಿದ್ದಿದವನು. ಅಕ್ಷರ ದುಂಡಗಿರಲಿಲ್ಲ, ಬಾಯಿ ಮಾತ್ರ ಭಾರಿ ಚುರುಕು. ಅವನ ತಾಯಿಗೆ ಓದು ಬರಹ ಬಾರದು. ನಾನು ವಯಸ್ಸಿನಲ್ಲಿ ಅಂಥ ದೊಡ್ಡವಳೇನಲ್ಲ, ಆದರೂ ಆಕೆಗೆ ನಾನು ಯಾವತ್ತೂ "ಅಕ್ಕೋರು".

ಅದು ದೀಪಾವಳಿಯ ಮುಂಚಿನ ವಾರ. ಗೋವಾದಲ್ಲಿ ಆಗ ಓಣಿಗೊಬ್ಬ ನರಕಾಸುರ ಎದ್ದು ನಿಲ್ಲುತ್ತಾನೆ. ಹುಡುಗರೆಲ್ಲ ಸೇರಿ ಕಬ್ಬಿಣದ ಸಳಿ ಕಟ್ಟಿ, ಹುಲ್ಲು ತುಂಬಿ, ಕಾಗದ ಅಂಟಿಸಿ ರಾಕ್ಷಸನನ್ನು ಮಾಡುತ್ತಾರೆ, ಹಬ್ಬದ ಬೆಳಗ್ಗೆ ಸುಡುತ್ತಾರೆ. ನಮ್ಮ ಕಡೆ ಈ ಪದ್ಧತಿ ಇಲ್ಲ. ಆದರೆ ಇಲ್ಲೇ ಹುಟ್ಟಿ ಬೆಳೆದ ನಮ್ಮ ಹುಡುಗರು ಯಾರಿಗೇನು ಕಡಿಮೆ? ನಮ್ಮ ಓಣಿಯ ನರಕಾಸುರನಿಗೆ ಆ ವರ್ಷ ಒಂದು ಕೈ ಬಾಕಿ ಇತ್ತು. ಅದಕ್ಕೆ ಸಳಿ ತರುತ್ತೇನೆಂದು ಈ ಹುಡುಗ ಸಂಜೆ ನಾಲ್ಕರ ಹೊತ್ತಿಗೆ ಗುಡ್ಡದ ಕೆಳಗಿನ ಒಂದು ಗುಜರಿ ಅಂಗಳಕ್ಕೆ ಹೋದ. ಗೋಡೆ ಹತ್ತಿ ಒಳಗಿಳಿದ. ಕಾವಲಿನವನು ಗುಂಡು ಹೊಡೆದ. ಹುಡುಗ ಆಸ್ಪತ್ರೆ ಸೇರುವ ಮೊದಲೇ ಹೋಗಿಬಿಟ್ಟಿದ್ದ.

ಕಳ್ಳತನಕ್ಕೆ ಬಂದಿದ್ದ, ಕಬ್ಬಿಣದ ರಾಡು ಹಿಡಿದು ಮೈಮೇಲೆ ಬಂದ ಎಂದು ಕಾವಲಿನವನು ಹೇಳಿದ. ಬೆಳಗ್ಗೆಯೇ ಕೇಳಿಕೊಂಡಿದ್ದೆವು, ಸಂಜೆ ಬಂದು ಒಯ್ಯಿರಿ ಅಂದಿದ್ದರು ಎಂದು ಹುಡುಗರು ಹೇಳಿದರು. ಕೇಳಿದ್ದು ಯಾರನ್ನು, ಹೂಂ ಅಂದವರು ಯಾರು, ಕೇಳಿದ ಮೇಲೆ ಗೋಡೆ ಯಾಕೆ ಹತ್ತಬೇಕಿತ್ತು, ಇವತ್ತಿಗೂ ನನಗೆ ಗೊತ್ತಿಲ್ಲ. ಗೊತ್ತಿದೆ ಎಂದು ಎದೆ ತಟ್ಟಿ ಹೇಳಿದವರೆಲ್ಲರ ಮೇಲೂ ನನಗೆ ಸಂಶಯವೇ. ಸಳಿ ಹಿಡಿದ ಹುಡುಗನನ್ನು ಗದರಿಸಿ ಓಡಿಸಲು ಬಂದೂಕು ಯಾಕೆ ಬೇಕಾಯಿತು ಎನ್ನುವುದು ಮಾತ್ರ ನನ್ನ ಒಂದೇ ಪ್ರಶ್ನೆಯಾಗಿತ್ತು. ಅದನ್ನು ಕೇಳಲು ಯಾರಿಗೂ ಪುರಸೊತ್ತು ಸಿಗಲಿಲ್ಲ. ಯಾಕೆಂದರೆ ಅಷ್ಟರಲ್ಲಿ ಆ ಫೋಟೋ ಬಂತು.

ಮೊದಲ ದಿನದ ಸುದ್ದಿಯಲ್ಲಿ ಅವನು ಬರೀ "ಘಾಟಿ" ಆಗಿದ್ದ. ಘಟ್ಟದ ಆಚೆಯಿಂದ ಬಂದ ನಮ್ಮನ್ನು ಇಲ್ಲಿಯವರು ಕರೆಯುವ ಹೆಸರು ಅದು. ಸಂತೆಯಲ್ಲಿ ಮೀನಿನ ಚೌಕಾಸಿ ಸ್ವಲ್ಪ ಜೋರಾದರೂ ಕಿವಿಗೆ ಬೀಳುತ್ತದೆ, ನಾವು ಕೇಳಿಸದವರಂತೆ ಮುಂದೆ ಹೋಗುತ್ತೇವೆ. ಘಾಟಿ ಹುಡುಗ, ಗುಜರಿ ಕಳ್ಳ, ಇಷ್ಟೇ ಸುದ್ದಿ. ಎರಡನೆಯ ದಿನ ಬೆಳಗ್ಗೆ ಶಾಲೆಗೆ ಹೊರಡಲು ಸೀರೆಯ ನೆರಿಗೆ ಹಿಡಿಯುತ್ತಿದ್ದೆ. ಟಿವಿಯಲ್ಲಿ ನಾನೇ ತೆಗೆದ ಫೋಟೋ! ನೆರಿಗೆ ಕೈಯಲ್ಲೇ ಉಳಿಯಿತು. ತಲೆಗೆ ಹಸಿರು ರುಮಾಲು, ಹಣೆಗೆ ಬೂದಿ, ಕೊರಳಲ್ಲಿ ಲಾಡಿ, ಕೈಯಲ್ಲಿ ತಲವಾರ. ತಲವಾರದ ಸುತ್ತ ಅವರು ಕೆಂಪು ಗೆರೆ ಎಳೆದು ದುಂಡಗೆ ಮಾಡಿದ್ದರು. ಅದು ರಟ್ಟಿನ ತಲವಾರ. ಬೆಳ್ಳಿ ಕಾಗದ ಅಂಟಿಸಲು ಮೈದಾ ಹಿಟ್ಟಿನ ಅಂಟು ಕುದಿಸಿ ಕೊಟ್ಟವಳು ನಾನು.

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಊರಲ್ಲಿ ಮೊಹರಂ ಎಂದರೆ ಅಲಾಯಿ ದೇವರ ಹಬ್ಬ, ಅದು ಎಲ್ಲರದ್ದು. ಮಕ್ಕಳಾಗದವರು ಆ ದೇವರಿಗೆ ಹರಕೆ ಹೊರುತ್ತಾರೆ. ಮಗು ಹುಟ್ಟಿದರೆ ಹಬ್ಬದ ದಿನಗಳಲ್ಲಿ ಅದು ಫಕೀರ. ಕೊರಳಿಗೆ ಬಣ್ಣದ ದಾರದ ಲಾಡಿ ಹಾಕಿಕೊಂಡು, ಬರಿಗಾಲಲ್ಲಿ ಐದು ಮನೆ ಬೇಡಿ, ದೇವರ ಮುಂದೆ ಸಕ್ಕರೆ ಇಟ್ಟು ಮುಲ್ಲಾನಿಂದ ಓದಿಸಿ ಹಂಚಬೇಕು. ಈ ಹುಡುಗನೂ ಹಾಗೆ ಹರಕೆಯಿಂದ ಹುಟ್ಟಿದವನು. ಹೆಸರು ಕೂಡ ಆ ದೇವರದ್ದೇ, ಕೊನೆಗೊಂದು "ಅಪ್ಪ" ಸೇರಿತ್ತು. ಟಿವಿಯವರಿಗೆ ಆ "ಅಪ್ಪ" ಉದ್ದವಾಯಿತೇನೋ, ಕತ್ತರಿಸಿ ಎಸೆದಿದ್ದರು, ಉಳಿದದ್ದು ಬರೀ ಮುಸಲ್ಮಾನರ ಹೆಸರು. ಆ ವರ್ಷದ ಮೊಹರಂಗೆ ನಮ್ಮ ಎರಡೂ ಮನೆಯವರು ಒಂದೇ ಗಾಡಿ ಮಾಡಿಕೊಂಡು ಊರಿಗೆ ಹೋಗಿದ್ದೆವು. ಹೆಜ್ಜೆ ಕುಣಿತಕ್ಕೆ ಹೊರಟು ನಿಂತವನನ್ನು ನಾನು ನನ್ನ ಫೋನಿನಲ್ಲಿ ಹಿಡಿದೆ, ಅವನ ತಾಯಿಯ ಫೋನಿಗೆ ಕಳಿಸಿದೆ. ಬೇರೆ ಯಾರಿಗೂ ಕಳಿಸಲಿಲ್ಲ.

ಆಮೇಲೆ ನಡೆದದ್ದನ್ನು ನೋಡಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಒಂದು ಚಾನೆಲ್ಲಿನಲ್ಲಿ ನಾಲ್ಕು ಜನ ಕೋಟು ಹಾಕಿ ಕುಳಿತು, ಇಂಥ ಹುಡುಗರಿಗೆ ಎಲ್ಲೆಲ್ಲಿ ತರಬೇತಿ ಕೊಡುತ್ತಾರೆ ಎಂದು ಗಂಟಲು ಹರಿದುಕೊಂಡರು. ಇನ್ನೊಂದರಲ್ಲಿ ಬೇರೆ ನಾಲ್ಕು ಜನ, ಇವನು ಇಂಥ ಧರ್ಮದವನಾದದ್ದಕ್ಕೇ ಗುಂಡು ಬಿತ್ತು ಎಂದು ಕಣ್ಣೊರೆಸಿಕೊಂಡರು. ಅವನು ಯಾರ ಮಗ ಎಂದು ಎರಡೂ ಕಡೆಯವರು ಕೇಳಿರಲಿಲ್ಲ. ಮಧ್ಯಾಹ್ನ ಓಣಿಯ ಬಾಯಿಗೆ ಮೇಣದ ಬತ್ತಿ ಹಿಡಿದವರು ಬಂದರು, ಅವರ ಹಿಂದೆಯೇ ಅವರನ್ನು ಬೈಯುವವರು ಬಂದರು. ಹುಡುಗನ ಅಪ್ಪನ ಬಾಯಿಗೆ ಮೈಕು ಹಿಡಿದಾಗ ಅವನು ತನಗೆ ಬಂದ ಹಿಂದಿಯಲ್ಲಿ, "ನಾವು ಹಿಂದೂಗಳು, ಅದು ಹರಕೆಯ ವೇಷ" ಅಂದ. ಮೈಕು ಹಿಡಿದವನು ಕ್ಯಾಮೆರಾದ ಕಡೆ ತಿರುಗಿ, "ಕುಟುಂಬ ಏನನ್ನೋ ಮುಚ್ಚಿಡುತ್ತಿದೆಯೇ?" ಎಂದು ಕೇಳಿದ. ನನಗೆ ಮೈಯೆಲ್ಲ ಉರಿದು ಹೋಯಿತು. ಮೆಟ್ಟಿಲ ಮೇಲಿಂದಲೇ ಬಾಯಿಗೆ ಬಂದಂತೆ ಬೈದೆ. "ನೀ ಸುಮ್ನ ಒಳಗ ಬಾ. ನಿನ್ನ ಮೋತಿ ತೋರಿಸಿದರ ಕತಿ ಮತ್ತಷ್ಟು ಕೆಡ್ತೈತಿ" ಎಂದು ಗಂಡ ರಟ್ಟೆ ಹಿಡಿದು ಎಳೆದುಕೊಂಡರು.

ಇದೆಲ್ಲ ಮಾತಿನ ಗಾಯ. ನಿಜವಾದ ಪೆಟ್ಟು ಬಿದ್ದದ್ದು ಹೆಣ ಕೈಗೆ ಬಂದ ಮೇಲೆ. ಅವರ ಜಾತಿಯಲ್ಲಿ ಸುಡುವುದಿಲ್ಲ, ಹೂಳುತ್ತಾರೆ. ತಾಯಿ ಅತ್ತು ಅತ್ತು ಕೇಳಿಕೊಂಡದ್ದು ಒಂದೇ ಮಾತು.

"ಇಲ್ಲೇ ಎಲ್ಲೆರೆ ಮಣ್ಣಿಗಿಡ್ರಿ. ನಾ ದಿನಾ ಹೋಗಿ ಹಾಲು ಹಾಕಿ ಬರ್ತೇನ್ರಿ."

ಮೊದಲೂ ನಮ್ಮ ಕಡೆಯ ಕೂಲಿಯವರನ್ನು ಒಂದು ಸ್ಮಶಾನದ ಅಂಚಿನಲ್ಲಿ ಹೂತದ್ದುಂಟು. ಹುಡುಗನ ಅಪ್ಪ ಅಲ್ಲಿಗೆ ಹೋದ. ಅಲ್ಲಿಯ ಹಿರಿಯರು ಕೆಟ್ಟವರೇನಲ್ಲ, ಅಂಜಿದವರು. "ಟಿವಿ ನೋಡಿದೆವು. ನೀವು ಯಾರೆಂದು ಮೊದಲು ತೀರ್ಮಾನವಾಗಲಿ" ಅಂದರು. ನನ್ನ ಗಂಡ ನಮ್ಮ ಕಬರಸ್ತಾನದವರ ಕಾಲು ಹಿಡಿದರು. ಅವರೂ ಕೈ ಮುಗಿದುಬಿಟ್ಟರು. "ಹುಡುಗ ನಮ್ಮವನಲ್ಲ. ಇಲ್ಲಿ ಇಟ್ಟರೆ ನಮ್ಮವನೇ ಅಂತ ಪಕ್ಕಾ ಆಗುತ್ತದೆ. ನಾಳೆ ಗಲಾಟೆಯಾದರೆ ಹೊಣೆ ಯಾರು?" ಸುಟ್ಟುಬಿಡಿ, ಎಲ್ಲ ಮುಗಿಯುತ್ತದೆ ಎಂದು ಯಾರೋ ಬುದ್ಧಿ ಹೇಳಿದರು. ತಾಯಿ ಹೆಣದ ಮೇಲೆ ಬಿದ್ದಳು, ಏಳಲೇ ಇಲ್ಲ. ಕೊನೆಗೆ ಆಂಬ್ಯುಲೆನ್ಸ್ ಮಾಡಿ, ಗಡಿಯ ಮೊಲೆಂ ದಾಟಿ, ಘಟ್ಟ ಹತ್ತಿ ಊರಿಗೆ ಒಯ್ದರು. ಹುಟ್ಟಿ ಬೆಳೆದ ನೆಲದಲ್ಲಿ ಅವನಿಗೆ ಆರಡಿ ಜಾಗ ಸಿಗಲಿಲ್ಲ. ಅದಕ್ಕೆ ನಾನು ಯಾರನ್ನೂ ಕ್ಷಮಿಸಿಲ್ಲ, ನಮ್ಮವರನ್ನೂ ಸೇರಿಸಿಯೇ ಹೇಳುತ್ತಿದ್ದೇನೆ.

ಅವರು ಊರಿಂದ ತಿರುಗಿ ಬರುವಷ್ಟರಲ್ಲಿ ಗಾಳಿ ಬದಲಾಗಿತ್ತು. ಒಂದು ಕನ್ನಡ ಚಾನೆಲ್ಲಿನವರು ಹುಡುಗನ ಶಾಲೆಯ ಸರ್ಟಿಫಿಕೇಟು ಹುಡುಕಿ ತೆಗೆದು ಜಾತಿ ಸಮೇತ ತೋರಿಸಿದ್ದರು. ಮೇಣದ ಬತ್ತಿಯವರು ಮತ್ತೆ ಓಣಿಯ ಕಡೆ ತಲೆ ಹಾಕಲಿಲ್ಲ. ನಿನ್ನೆವರೆಗೆ ತರಬೇತಿಯ ಮಾತಾಡಿದವರ ಕಡೆಯವರೇ ಬಾವುಟ ಹಿಡಿದು ಬಂದು, "ನಮ್ಮ ಹುಡುಗ, ನಮ್ಮ ಹುಡುಗ" ಎಂದು ಎದೆ ಬಡಿದುಕೊಂಡರು. ಅವರೊಂದು ಬ್ಯಾನರ್ ಕಟ್ಟಿದರು. ಅದರಲ್ಲೂ ನನ್ನದೇ ಫೋಟೋ. ಆದರೆ ರುಮಾಲು ಕೇಸರಿಯಾಗಿತ್ತು, ಬೂದಿಯ ಜಾಗದಲ್ಲಿ ಕುಂಕುಮ ಬಂದಿತ್ತು, ತಲವಾರ ಮಾಯವಾಗಿ ಮುಷ್ಟಿ ಮಾತ್ರ ಉಳಿದಿತ್ತು. ತಾಯಿ ಬ್ಯಾನರಿನ ಕೆಳಗೆ ನಿಂತು ಬಹಳ ಹೊತ್ತು ನೋಡಿದಳು.

"ಅಕ್ಕೋರ, ಇದು ನಮ್ಮ ಹುಡುಗನ ಏನ್ರಿ?" ಎಂದು ಕೇಳಿದಳು.

ಆಕೆ ನನ್ನನ್ನು ಪ್ರೀತಿಯಿಂದ ಮಾತಾಡಿಸಿದ್ದು ಅದೇ ಕೊನೆ.

ಯಾಕೆಂದರೆ ಬ್ಯಾನರಿನ ಕೆಳಗೆ ನಿಂತಾಗಲೇ ಆಕೆ ಲೆಕ್ಕ ಹಾಕಲು ಶುರು ಮಾಡಿದ್ದಳು. ಆ ಫೋಟೋ ಇದ್ದದ್ದು ಎರಡೇ ಫೋನಿನಲ್ಲಿ. ತಾನು ಯಾರಿಗೂ ಕೊಟ್ಟಿಲ್ಲ. ಹಾಗಾದರೆ ಉಳಿದವರು ಯಾರು? ತಪ್ಪಿಲ್ಲದ ಲೆಕ್ಕ. ನಾನು ಶಾಲೆಯಲ್ಲಿ ಕಲಿಸಿದ್ದರೂ ಇದಕ್ಕಿಂತ ಚೆನ್ನಾಗಿ ಬರುತ್ತಿರಲಿಲ್ಲ. ಮೊದಲು ನಮ್ಮ ಮನೆಯ ಸಾರು ಬೇಡವಾಯಿತು. ಆಮೇಲೆ ನೀರಿನ ನಲ್ಲಿಯ ಹತ್ತಿರ ನಾನು ಹೋದರೆ ಆಕೆ ಕೊಡ ಅರ್ಧಕ್ಕೇ ಎತ್ತಿಕೊಂಡು ನಡೆಯತೊಡಗಿದಳು. ಅಕ್ಕೋರು ಟಿವಿಯವರಿಗೆ ಫೋಟೋ ಮಾರಿಕೊಂಡರಂತೆ ಎಂಬ ಮಾತು ಓಣಿಯಲ್ಲಿ ಹರಿದಾಡಿತು. ಆ ಮಾತು ಹಬ್ಬಿಸಿದವಳು ಯಾರೆಂದು ನನಗೆ ಗುಮಾನಿ ಇದೆ, ಇರಲಿ.

ಜೀವನವಿಡೀ ಇನ್ನೊಬ್ಬರನ್ನು ಸಂಶಯಿಸಿದವಳಿಗೆ ತನ್ನ ಮೇಲೇ ಓಣಿಯವರಿಗೆ ಸಂಶಯ ಬಂದಾಗ ಹೇಗಿರುತ್ತದೆ ಎಂದು ಆಗ ಗೊತ್ತಾಯಿತು. ನಾನು ಕೊಟ್ಟಿಲ್ಲ ಎಂಬುದು ನನಗೆ ಗೊತ್ತು. ಹಾಗಾದರೆ ಆಕೆಯೇ ಕೊಟ್ಟು ನನ್ನ ತಲೆಗೆ ಕಟ್ಟುತ್ತಿದ್ದಾಳೆಯೇ? ಅಥವಾ ಆಕೆಯ ಮೈದುನ? ಅವನು ಮೈಕಿನ ಮುಂದೆ ಬಹಳ ಓಡಾಡಿದ್ದ. ಗಂಡ ಸ್ನಾನಕ್ಕೆ ಹೋದಾಗ ಅವರ ಫೋನನ್ನೂ ತೆಗೆದು ಜಾಲಾಡಿದೆ. ಟವೆಲ್ಲು ಸುತ್ತಿಕೊಂಡು ಹೊರಬಂದವರು ನನ್ನ ಕೈಯಲ್ಲಿ ಫೋನು ನೋಡಿ, "ಈಗ ನಾನೂ ಕಳ್ಳ ಆದ್ನೇನು?" ಅಂದರು. ಅವತ್ತು ಅವರು ಊಟ ಮಾಡದೆ ಡ್ಯೂಟಿಗೆ ಹೋದರು.

ಒಂದು ಸಂಜೆ ಆ ಕನ್ನಡ ಚಾನೆಲ್ಲಿನ ವರದಿಗಾರ ನನಗೆ ಫೋನ್ ಮಾಡಿದ. ಹುಡುಗನ ಶಾಲೆಯ ಅಕ್ಕೋರಾಗಿ ನಾನು ಎರಡು ಮಾತು ಆಡಬೇಕಂತೆ. ನನ್ನ ನಂಬರ್ ಯಾರು ಕೊಟ್ಟರು ಎಂದು ಮೊದಲು ಕೇಳಿದೆ, ಹೇಳಲಿಲ್ಲ. ಫೋಟೋ ಯಾರು ಕೊಟ್ಟರು ಎಂದು ಕೇಳಿದೆ. ಅವನು ನಕ್ಕುಬಿಟ್ಟ.

"ಯಾರೂ ಕೊಟ್ಟಿಲ್ಲ ಮೇಡಂ. ಅವರ ತಾಯಿ ನಂಬರ್ ಆಸ್ಪತ್ರೆ ಹತ್ರ ಎಲ್ಲರಿಗೂ ಸಿಕ್ಕಿತ್ತು. ಸೇವ್ ಮಾಡಿದ್ದೇ ತಡ, ವಾಟ್ಸಾಪ್‌ನಲ್ಲಿ ಡಿಪಿ ಬಂತಲ್ಲ, ಅದೇ ಫೋಟೋ. ಎಲ್ಲ ಚಾನೆಲ್‌ನವರೂ ಅಲ್ಲಿಂದಲೇ ಎತ್ತಿದ್ದು."

ಫೋನಿಟ್ಟು ಆಕೆಯ ನಂಬರ್ ತೆಗೆದು ನೋಡಿದೆ. ಹೌದು. ಹೆಸರಿನ ಪಕ್ಕದಲ್ಲಿ ದುಂಡಗೆ, ಕಡಲೆಕಾಳಿನಷ್ಟು ಸಣ್ಣಗೆ, ಹಸಿರು ರುಮಾಲಿನ ಹುಡುಗ. ಎಷ್ಟು ತಿಂಗಳಿಂದ ಅಲ್ಲಿದ್ದನೋ! ಗೋಡೆಯ ಆಚೆ ಕೂಗಿದರೆ ಓಗೊಡುವವಳಿಗೆ ವಾಟ್ಸಾಪಿನಲ್ಲಿ ಯಾರು ಬರೆಯುತ್ತಾರೆ? ಓದಲು ಬಾರದವಳಿಗೆ ಬರೆದಾದರೂ ಏನು ಮಾಡುವುದು? ಹಾಗಾಗಿ ಆ ಫೋಟೋ ಕಳಿಸಿದ ಮೇಲೆ ನಾನು ಅದನ್ನು ತೆರೆದೇ ನೋಡಿರಲಿಲ್ಲ. ಆ ಫೋನು ಕೂಡ ಮಗ ಮ್ಹಾಪಸಾದ ಸಂತೆಯಿಂದ ತಂದುಕೊಟ್ಟದ್ದು. ಓದು ಬಾರದ ತಾಯಿಗಾಗಿ ಅವನು ಒಂದೊಂದು ನಂಬರಿಗೂ ಒಂದೊಂದು ಚಿತ್ರ ಹಾಕಿಕೊಟ್ಟಿದ್ದ. ತನ್ನ ಫೋಟೋವನ್ನು ಆಕೆಯ ಡಿಪಿಗೆ ಹಾಕಿದವನೂ ಅವನೇ. ಫೋನು ತೆಗೆದರೆ ಮಗ ತನಗೆ ಕಾಣುತ್ತಾನೆ ಎಂದಷ್ಟೇ ಆಕೆಗೆ ಗೊತ್ತು. ತನ್ನ ನಂಬರ್ ಇಟ್ಟುಕೊಂಡವರಿಗೆಲ್ಲ ಅವನು ಕಾಣುತ್ತಾನೆ ಎಂದು ಗೊತ್ತಿರಲಿಲ್ಲ. ಮನೆಯೊಳಗೆ ಟ್ರಂಕಿನಲ್ಲಿಟ್ಟ ಫೋಟೋ ಬೀದಿಯವರಿಗೆ ಹೇಗೆ ಕಂಡೀತು, ಹಾಗೆಂದೇ ಆಕೆ ತಿಳಿದಿದ್ದಳು.

ನನಗೆ ಸಂತೋಷವಾಯಿತು. ಸುಳ್ಳು ಯಾಕೆ ಹೇಳಲಿ, ಕುಣಿಯುವಷ್ಟು ಸಂತೋಷವಾಯಿತು. ಕಳ್ಳಿ ನಾನಲ್ಲ! ಹೇಳಿಯೇಬಿಡುತ್ತೇನೆ, ಓಣಿಯವರ ಮುಂದೆ ಹೇಳುತ್ತೇನೆ, ಒಬ್ಬೊಬ್ಬರ ಮುಖ ನೋಡುತ್ತೇನೆ ಎಂದು ಚಪ್ಪಲಿ ಕೂಡ ಮೆಟ್ಟದೆ ಪಕ್ಕದ ಮನೆಗೆ ನಡೆದೆ. ಬಾಗಿಲು ತೆರೆದೇ ಇತ್ತು. ಆಕೆ ಗೋಡೆಗೊರಗಿ ನೆಲದ ಮೇಲೆ ಕುಳಿತಿದ್ದಳು. ಕೈಯಲ್ಲಿ ಫೋನು. ಪರದೆ ಕಪ್ಪಾಗುತ್ತಿದ್ದಂತೆ ಬೆರಳಿನಿಂದ ಮುಟ್ಟುತ್ತಿದ್ದಳು. ಮತ್ತೆ ಬೆಳಕು ಬರುತ್ತಿತ್ತು, ಮತ್ತೆ ಕಪ್ಪಾಗುತ್ತಿತ್ತು, ಮತ್ತೆ ಮುಟ್ಟುತ್ತಿದ್ದಳು. ನಾನು ಹೊಸ್ತಿಲಲ್ಲಿ ನಿಂತದ್ದು ಆಕೆಗೆ ತಿಳಿಯಲಿಲ್ಲ.

ಏನೆಂದು ಹೇಳಲಿ? ನಿನ್ನ ಮಗನೇ ಹಾಕಿದ್ದು, ನಿನ್ನ ಫೋನಿನಿಂದಲೇ ಹೋದದ್ದು, ಅವನಿಗೆ ಇಲ್ಲಿ ಮಣ್ಣು ಸಿಗದಂತೆ ಮಾಡಿದ್ದು ನೀನು ಈಗ ಕೈಯಲ್ಲಿ ಹಿಡಿದು ಕುಳಿತಿರುವ ಇದೇ ಚಿತ್ರ ಎಂದೇ? ಹೇಳಿದರೆ ನಾನು ಗೆಲ್ಲುತ್ತಿದ್ದೆ. ಆಕೆ ಮಾತ್ರ ಆ ಫೋನನ್ನು ಮತ್ತೆಂದೂ ತೆರೆಯುತ್ತಿರಲಿಲ್ಲ. ಸದ್ದು ಮಾಡದೆ ಹಿಂದಿರುಗಿದೆ. ಆ ಸಿಟ್ಟನ್ನೆಲ್ಲ ಮರುದಿನ ಪಾಪ ಮೂರನೆಯ ತರಗತಿಯ ಮಕ್ಕಳ ಮೇಲೆ ತೀರಿಸಿಕೊಂಡೆ.

ಕಾವಲಿನವನಿಗೆ ಜಾಮೀನು ಸಿಕ್ಕ ಸುದ್ದಿ ಪತ್ರಿಕೆಯ ಮೂಲೆಯಲ್ಲಿ ಬಂತು. ಅದಕ್ಕೆ ಯಾವ ಚಾನೆಲ್ಲಿನವರೂ ಕೋಟು ಹಾಕಿಕೊಂಡು ಕೂರಲಿಲ್ಲ. ಅಷ್ಟರಲ್ಲಿ ಬ್ಯಾನರ್ ಗಾಳಿಗೆ ಹರಿದು ಯಾರದೋ ಮನೆಯ ಸೌದೆಗೆ ಹೊದಿಕೆಯಾಗಿತ್ತು. ಹೋಳಿ ಮುಗಿದ ಮೇಲೆ ಪಕ್ಕದ ಮನೆಯವರು ಸಡಾ ಬಿಡುವುದೆಂದು ತೀರ್ಮಾನಿಸಿದರು. ಮಗನಿರುವ ಕಡೆ ಇರುತ್ತೇನೆ ಎಂದು ತಾಯಿ ಹಟ ಹಿಡಿದಿದ್ದಳು.

ಹೊರಡುವ ಬೆಳಗ್ಗೆ ಟೆಂಪೋಕ್ಕೆ ಸಾಮಾನು ಏರಿಸಿ ಆದ ಮೇಲೆ ಆಕೆ ನಮ್ಮ ಮನೆಯ ಬಾಗಿಲಿಗೆ ಬಂದಳು. ಒಳಗೆ ಬರಲಿಲ್ಲ. ನಾನು ರೊಟ್ಟಿ ಬಡಿಯುತ್ತಿದ್ದೆ, ಹಿಟ್ಟಿನ ಕೈಯಲ್ಲೇ ಎದ್ದು ಬಂದೆ.

"ಖರೇ ಹೇಳ್ರಿ" ಅಂದಳು. "ನಾನೇನ್ ಜಗಳಾ ಮಾಡಾಕ ಬಂದಿಲ್ಲ. ರಾತ್ರಿ ಒಬ್ಬೊಬ್ಬರ ಮೋತಿ ಕಣ್ಣ ಮುಂದ ಬರ್ತೈತಿ. ಮೈದುನ ಏನ, ಗಂಡ ಏನ, ಫೋನ್ ರಿಪೇರಿ ಅಂವ ಏನ. ಎಲ್ಲಾರ ಮ್ಯಾಲೂ ಸಂಶಯ ಹೊತಗೊಂಡು ನಂಗ ಊರಿಗೆ ಹೋಗಾಕ ಆಗೂದಿಲ್ರಿ. ಫೋಟೋ ಕೊಟ್ಟಾವರು ನೀವ ಹೌದೋ ಅಲ್ಲೋ?"

ಹಿಂದೆ ಗಂಡ ಬಂದು ನಿಂತದ್ದು ಗೊತ್ತಾಯಿತು. ಅವರಿಗೆ ಎಲ್ಲ ಹೇಳಿದ್ದೆ. ಅಲ್ಲ ಅಂದರೆ ಆಕೆ ಮುಂದೆ ಕೇಳುವುದು ಫೋನ್ ರಿಪೇರಿಯವನನ್ನು. ಅವನು ಒಂದೇ ನಿಮಿಷದಲ್ಲಿ ಎಲ್ಲ ಬಿಡಿಸಿ ತೋರಿಸುತ್ತಾನೆ.

"ಹೌದು" ಅಂದೆ. "ನಾನ ಕೊಟ್ಟೆ."

ಬೈಯುತ್ತಾಳೆ, ಹೊಡೆಯುತ್ತಾಳೆ ಎಂದುಕೊಂಡಿದ್ದೆ. ಆಕೆ ಉಸಿರು ಬಿಟ್ಟಳು, ತಲೆಯ ಮೇಲಿನ ಹೊರೆ ಇಳಿಸಿದವರು ಬಿಡುವಂತೆ. ನನ್ನ ಮುಖ ನೋಡಿದಳು. ಸಿಟ್ಟಿರಲಿಲ್ಲ, ಇದ್ದಿದ್ದರೆ ತಡೆದುಕೊಳ್ಳುತ್ತಿದ್ದೆ.

"ಆ ಫೋಟೋದಾಗ ಅವನ ಹೆಗಲ ಮ್ಯಾಲೆ ನನ್ನ ಕೈ ಇತ್ತು" ಅಂದಳು. "ಲಾಡಿ ಸರಿ ಮಾಡಾಕತ್ತಿದ್ದೆ. ಟಿವಿದಾಗ ಅದು ಇರಲಿಲ್ಲ. ಕೊಡೂದು ಕೊಟ್ಟಿ, ನನ್ನ ಕೈ ಯಾಕ ಕತ್ತರಿಸಿದಿ?"

ಡಿಪಿಯ ದುಂಡಿಗೆ ಹೊಂದಿಸುವಾಗ ಮಗನೇ ಆ ಕೈಯನ್ನು ಕತ್ತರಿಸಿದ್ದ. ಹಿಟ್ಟು ಕೈಯಲ್ಲೇ ಒಣಗುತ್ತಿತ್ತು. ಕೆಳಗೆ ಟೆಂಪೋದವನು ಹಾರ್ನ್ ಹೊಡೆದ.

"ತಪ್ಪಾತು" ಅಂದೆ. ಅದನ್ನು ಕತ್ತರಿಸಿದವಳೂ ನಾನೇ ಎಂದು ಒಪ್ಪಿಕೊಂಡೆ.